ಕೂಗುವ ಕಂಬಗಳು

ಹಾರನ್ ಮಾಮನಿಗೆ ಆ ಹೆಸರು ಬಿದ್ದದ್ದೇ ಅವನು ಹಾರನ್ ಹೊಡೆಯದ ಕಾರಣಕ್ಕೆ. ಲಾರಿಯವರ ತಮಾಷೆ ಇರುವುದೇ ಹಾಗೆ, ಕುಳ್ಳನನ್ನು ಲಂಬು ಅನ್ನುತ್ತಾರೆ. ರಸ್ತೆಗೆ ಕುರಿಮಂದೆ ಅಡ್ಡ ಬಂದರೆ ಇಂಜಿನ್ ಆರಿಸಿ, ಕೊನೆಯ ಕುರಿ ದಾಟುವ ತನಕ ಕೆನ್ನೆ ಕೆರೆಯುತ್ತ ಕೂರುವ ಆಸಾಮಿ ಇವನು. ಅಂಥವನು ಆ ದಿನ ಬೆಳಿಗ್ಗೆ ಹಳೇ ಕಬ್ಬಿಣ ತುಂಬಿಕೊಂಡು ಕಾರ್ಖಾನೆಯ ಗೇಟು ಹೊಕ್ಕಾಗ, ಗೇಟೇ ಅವನಿಗೆ ಹಾರನ್ ಹೊಡೆಯಿತು.

ಗೇಟು ಅಂದರೆ ಅದರ ಎರಡೂ ಬದಿಗೆ ನಿಲ್ಲಿಸಿದ್ದ ಹಳದಿ ಕಂಬಗಳು. ಕರಗಿಸಲು ಬರುವ ಗುಜರಿಯ ಒಳಗೆ ವಿಕಿರಣ ಸೂಸುವ ವಸ್ತು ಅಡಗಿದ್ದರೆ ಆ ಕಂಬಗಳು ಕೂಗಬೇಕು, ಅವುಗಳ ಕೆಲಸವೇ ಅದು. ಯಾರೋ ಎಸೆದ ಆಸ್ಪತ್ರೆ ಯಂತ್ರದ ಚೂರೊಂದು ಕಣ್ಣು ತಪ್ಪಿಸಿ ಕುಲುಮೆಗೆ ಬಿತ್ತೆನ್ನಿ, ಕಬ್ಬಿಣದ ಜೊತೆ ಕರಗಿ, ಕಿಟಕಿಯ ಸರಳಾಗಿ, ಚಮಚವಾಗಿ, ಮಗುವಿನ ಮಂಚದ ಕಾಲಾಗಿ ಊರು ಸೇರುತ್ತದೆ. ಆಮೇಲೆ ಮನೆಮನೆಗೆ ಹೋಗಿ ಹುಡುಕುವವರು ಯಾರು? ಇಷ್ಟು ವರ್ಷ ಆ ಕಂಬಗಳ ನಡುವೆ ಓಡಾಡಿದ ಹಾರನ್ ಮಾಮ ಅವು ತುಟಿಪಿಟಕ್ಕೆಂದದ್ದನ್ನು ಕೇಳಿರಲಿಲ್ಲ. ಈಗ ಕೆಂಪು ದೀಪ ಗಿರಗಿರ ತಿರುಗುತ್ತಿತ್ತು, ಕಿವಿ ಕಿತ್ತುಹೋಗುವಂಥ ಸದ್ದು.

ಪಕ್ಕದಲ್ಲಿ ಕೂತಿದ್ದ ಭಾಮೈದ ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಗುಜರಿಯನ್ನು ನೋಡಿದ. "ಏನು ತುಂಬಿ ಕಳಿಸಿದಾರೋ ಭಾವ, ದರಿದ್ರದವರು!"

ಹಾರನ್ ಮಾಮ ಹಿಂದೆ ನೋಡಲಿಲ್ಲ. ಅವನ ಕೈ ತಾನಾಗಿ ಅಂಗಿಯ ತೋಳಿನ ಮೇಲೆ ಹೋಯಿತು. ಅದರಡಿ, ನಿನ್ನೆ ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಹತ್ತಿ ಇನ್ನೂ ಹಾಗೇ ಇತ್ತು.

ನಿನ್ನೆ ಅವನು ಹೆಂಡತಿಗೆ ಟೈರು ನೋಡಿಕೊಂಡು ಬರುತ್ತೇನೆಂದು ಹೇಳಿ ಹೋದದ್ದು ಆಸ್ಪತ್ರೆಗೆ. ಕೆಲವು ದಿನಗಳಿಂದ ಲಾರಿ ಹತ್ತುವಾಗ ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದಂತಾಗುತ್ತಿತ್ತು. ಅಲ್ಲಿ ತೋಳಿಗೆ ಒಂದು ಔಷಧಿ ಚುಚ್ಚಿ, ದೊಡ್ಡ ಯಂತ್ರದಡಿ ಮಲಗಿಸಿ ಹೃದಯದ ಚಿತ್ರ ತೆಗೆದರು. ಎದೆಯ ಗತಿ ಏನೆಂದು ನಾಳೆ ಹೇಳುತ್ತೇವೆ ಅಂದರು. ಹೊರಡುವಾಗ ನರ್ಸಮ್ಮ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: "ಆ ಔಷಧಿಯಲ್ಲಿ ವಿಕಿರಣ ಇದೆ. ಸ್ವಲ್ಪ ಹೊತ್ತು ನಿಮ್ಮ ಮೈಯಿಂದಾನೂ ಅದು ಹೊರಗೆ ಬರ್ತಿರುತ್ತೆ, ತಾನಾಗೇ ಕಮ್ಮಿಯಾಗುತ್ತೆ. ನೀರು ಚೆನ್ನಾಗಿ ಕುಡೀರಿ. ನಾಳೆ ಸಂಜೆವರೆಗೂ ಚಿಕ್ಕ ಮಕ್ಕಳನ್ನ ಎತ್ಕೋಬೇಡಿ, ಗರ್ಭಿಣಿಯರ ಪಕ್ಕ ಕೂರಬೇಡಿ."

ಮಾಮ ಬೇರೆ ಏನು ಕೇಳಿಸಿಕೊಂಡನೋ ಬಿಟ್ಟನೋ, ಈ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ. ಸಂಜೆ ಮನೆ ಬಾಗಿಲಲ್ಲಿ ಮೊಮ್ಮಗಳು ಎರಡೂ ಕೈ ಚಾಚಿ ಓಡಿಬಂದಾಗ, ಬೆಂಕಿ ಕಂಡವನಂತೆ ಹಿತ್ತಲಿಗೆ ಓಡಿಹೋದ. ಮಗು ಬಾಗಿಲಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತಿತು. "ಅದೇನು ಮಾಡಿತ್ರೀ ನಿಮಗೆ?" ಎಂದು ಕೇಳಿದ ಹೆಂಡತಿ, ಆಮೇಲೆ ಬೆಳಗಾಗುವವರೆಗೂ ಮುಖ ಊದಿಸಿಕೊಂಡೇ ಇದ್ದಳು.

ಈಗ ಗೇಟಿನ ಬಳಿಗೆ ಮೀಟರ್ ಮೇಡಂ ಬಂದಳು. ಕಾರ್ಖಾನೆಯಲ್ಲಿ ವಿಕಿರಣದ ಸುರಕ್ಷತೆ ನೋಡಿಕೊಳ್ಳುವವಳು ಅವಳು. ಹೆಗಲಿಗೆ ಸದಾ ಒಂದು ಮೀಟರು ತೂಗುಹಾಕಿಕೊಂಡಿರುವುದರಿಂದ ಆ ಹೆಸರು. ಇಬ್ಬರನ್ನೂ ಕೆಳಗಿಳಿಸಿ, ದೂರ ನಿಲ್ಲಿಸಿ, ಮೊದಲು ಕೇಳಿದ್ದೇ ಇದು: "ನಿಮ್ಮಿಬ್ಬರಲ್ಲಿ ಯಾರಾದರೂ ಈ ನಾಲ್ಕೈದು ದಿನದಲ್ಲಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಾಡೋ ಸ್ಕ್ಯಾನ್ ಏನಾದರೂ ಮಾಡಿಸಿದ್ದೀರಾ?"

ಇದೊಂದು ಪ್ರಶ್ನೆಗೆ ಹೂಂ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ಇಷ್ಟು ಬಾಯಿ ನೋಯಿಸಿಕೊಳ್ಳಬೇಕಿರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದವನು ಭಾಮೈದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅವನ ಅಕ್ಕನ ಕಿವಿಯಲ್ಲಿರುತ್ತದೆ. ಆ ಅಕ್ಕನ ಅಪ್ಪ, ಅಂದರೆ ಹಾರನ್ ಮಾಮನ ಮಾವ, ಸ್ಟಿಯರಿಂಗ್ ಹಿಡಿದುಕೊಂಡೇ ಎದೆ ಒಡೆದು ಸತ್ತವರು. ಅಂದಿನಿಂದ ಅವಳದು ಒಂದೇ ಪಾಠ: ಎದೆನೋವು ಅಂದ ದಿನವೇ ಬೀಗದ ಕೈ ಕಿತ್ಕೋತೀನಿ, ಅಷ್ಟೇ. ಹಾರನ್ ಮಾಮನಿಗೋ, ಸ್ಟಿಯರಿಂಗ್ ಬಿಟ್ಟರೆ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ಗೊತ್ತಿರಲಿಲ್ಲ.

"ನನಗೇನ್ರೀ ರೋಗ? ಗುಂಡುಕಲ್ಲು ಇದ್ದಹಾಗಿದೀನಿ," ಎಂದ. ಭಾಮೈದ ಹಲ್ಲುಕಿರಿದು, "ನಮ್ಮ ಭಾವ ಆಸ್ಪತ್ರೆ ಮೆಟ್ಟಿಲು ಹತ್ತಿದೋರೇ ಅಲ್ಲ ಮೇಡಂ," ಎಂದು ಮುದ್ರೆ ಒತ್ತಿದ.

ಮೇಡಂ ನಂಬಿದಳು. ನಂಬದೆ ಏನು ಮಾಡುತ್ತಾಳೆ? ಲಾರಿಯ ಸುತ್ತ ಹಗ್ಗ ಕಟ್ಟಿಸಿ, ಮೀಟರು ಹಿಡಿದು ಒಂದು ಸುತ್ತು ಬಂದಳು. ಕ್ಯಾಬಿನ್ನಿಗೆ ಹತ್ತಿ ಇಳಿದಳು. ಮೀಟರು ಮಲಗಿದ ಮಗುವಿನಂತೆ ತಣ್ಣಗಿತ್ತು. ರಾಶಿಯ ಹೊಟ್ಟೆಯೊಳಗೆ ಎಲ್ಲೋ ದಪ್ಪ ಕಬ್ಬಿಣದ ಮರೆಯಲ್ಲಿ ಇರಬೇಕೆಂದು ಕ್ರೇನು ತರಿಸಿದಳು. ಮುರಿದ ಸೈಕಲ್ಲು, ತುಕ್ಕು ಹಿಡಿದ ಬಾಯ್ಲರು, ಗೇರ್ ಚಕ್ರ, ಒಂದೊಂದಾಗಿ ಮೇಲೆದ್ದು ನೆಲಕ್ಕಿಳಿದವು. ಒಂದೊಂದಕ್ಕೂ ಅವಳು ಮೀಟರು ತೋರಿಸಿದಳು. ಏನೂ ಇಲ್ಲ. ಗೇಟಿನ ಹೊರಗೆ ನಿಂತ ಲಾರಿಗಳ ಸಾಲು ಬೆಳೆಯಿತು, ಹಾರನ್ನುಗಳು ಬಡಿದುಕೊಳ್ಳತೊಡಗಿದವು.

ಹಾರನ್ ಮಾಮ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಇದಕ್ಕೆ ಕಾರಣ ಸುಳ್ಳೊಂದೇ ಅಲ್ಲ, ತೂಕದ ಹುಡುಗಿಯೂ ಹೌದು. ಲಾರಿಗಳ ತೂಕ ಬರೆದುಕೊಳ್ಳುವ ಆ ಹುಡುಗಿ ತುಂಬಿದ ಗರ್ಭಿಣಿ. ಮಾಮನ ಮುಖ ಬಾಡಿದ್ದು ನೋಡಿ ಪಾಪ, ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಹಾಕಿದಳು. "ಕೂತ್ಕೊಳ್ಳಿ ಮಾಮ, ಬಿಸಿಲಿದೆ." ಅವನು ಎದ್ದು ಗೋಡೆಯ ಆಚೆ ಹೋದ. ಅವಳು ನೀರಿನ ಬಾಟಲಿ ಹಿಡಿದು ಅಲ್ಲಿಗೂ ಬಂದಳು. ಅವನು ಚಹಾದಂಗಡಿಗೆ ಹೋದ. ಅವಳಿಗೂ ಚಹಾ ಬೇಕೆನ್ನಿಸಬೇಕೇ! ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಳ ತುಂಬ ತಿರುಗುತ್ತಿದ್ದ ಅವನನ್ನು ನೋಡಿ ಕಾವಲಿನವನು, "ಕದ್ದ ಮಾಲು ಇರಬೇಕು, ಅದಕ್ಕೇ ಈ ಪರದಾಟ," ಎಂದು ಗೊಣಗಿದ.

ಕೊನೆಗೆ ಮೇಡಂ, "ಕಂಬಗಳೇ ಕೆಟ್ಟಿರಬಹುದು. ಖಾಲಿ ಲಾರಿಯನ್ನ ಇನ್ನೊಮ್ಮೆ ಹಾಯಿಸಿ ನೋಡೋಣ," ಅಂದಳು.

ಆಗ ಹಾರನ್ ಮಾಮನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. ಕಂಬಗಳನ್ನು ಕೂಗಿಸಿದ್ದು ತಾನೇ ಎಂಬುದು ಅವನಿಗೆ ಗೊತ್ತು. ತಾನು ಒಳಗಿರದಿದ್ದರೆ ಕಂಬ ಸುಮ್ಮನಿರುತ್ತದೆ, ಕಂಬ ಸುಮ್ಮನಿದ್ದರೆ ಎಲ್ಲರೂ ಸುಮ್ಮನಾಗುತ್ತಾರೆ. ಬೀಗದ ಕೈಯನ್ನು ಭಾಮೈದನ ಕೈಗೆ ತುರುಕಿ, "ನೀನೇ ಓಡಿಸು, ನನಗೆ ತಲೆ ಸಿಡೀತಿದೆ," ಎಂದ.

ಭಾಮೈದ ಓಡಿಸಿದ. ಕಂಬಗಳು ಕಮಕ್ ಕಿಮಕ್ ಎನ್ನಲಿಲ್ಲ. ಹಾರನ್ ಮಾಮ ಉಸಿರು ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಟವೆಲ್ ಇಳಿಸಿ ನೋಡಿದರೆ ಮೇಡಂ ಮುಖದಲ್ಲಿ ರಕ್ತವೇ ಇಲ್ಲ.

"ಬಂದಾಗ ಕೂಗಿತ್ತು. ಈಗ ಕೂಗ್ತಿಲ್ಲ," ಎಂದಳು ನಿಧಾನವಾಗಿ. "ಅಂದ್ರೆ ಬರುವಾಗ ಲಾರಿಯಲ್ಲಿ ಏನೋ ಇತ್ತು. ಇಲ್ಲೇ ಎಲ್ಲೋ ಬಿದ್ದುಹೋಗಿದೆ."

ಅಲ್ಲಿಂದ ಮುಂದಿನದು ಹಾರನ್ ಮಾಮನ ಕೈಮೀರಿ ಹೋಯಿತು. ಮೇಡಂ ಅಂಗಳದಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿದಳು. ಕುಲುಮೆ ನಿಲ್ಲಿಸಲು ಹೇಳಿದಳು. ಚಹಾದಂಗಡಿ ಮುಚ್ಚಿಸಿದಳು. ದಾರಿಯಲ್ಲೂ ಚೂರು ಉದುರಿರಬಹುದೆಂದು ಲಾರಿ ಬಂದ ರಸ್ತೆಯನ್ನೇ ಬಂದ್ ಮಾಡಿಸಿ, ಬದಿಯ ಮನೆಗಳಿಗೆಲ್ಲ ತಿಳಿಸಬೇಕೆಂದು ಮೇಲಿನ ಕಚೇರಿಗೆ ಫೋನು ಹಚ್ಚಿದಳು. "ಹೊಳೆಯೋ ಚೂರು ಏನಾದ್ರೂ ಕಂಡ್ರೆ ಯಾರೂ ಮುಟ್ಟಬೇಡಿ, ಜೇಬಿಗೆ ಹಾಕ್ಕೋಬೇಡಿ!" ಎಂದು ಕಾವಲಿನವನು ಕೂಗುತ್ತ ಓಡಿದ. ಕೆಲಸಗಾರರು ತಮ್ಮ ತಮ್ಮ ಜೇಬು ತಡಕಿಕೊಂಡರು. ಒಬ್ಬ ಚಪ್ಪಲಿ ಬಿಚ್ಚಿ ದೂರ ಎಸೆದ.

ಈಗಲಾದರೂ ಹೇಳೋ ಮಾರಾಯ ಎಂದು ನಿಮಗೆ ಅನ್ನಿಸಬಹುದು. ಅವನಿಗೂ ಅನ್ನಿಸಿತು. ಬಾಯಿ ತೆರೆದ, ಭಾಮೈದನ ಮುಖ ಕಂಡ, ಬಾಯಿ ಮುಚ್ಚಿದ. ಬೆಳಿಗ್ಗೆ ಚಿಕ್ಕದಾಗಿದ್ದ ಸುಳ್ಳು ಈಗ ಇಡೀ ಕಾರ್ಖಾನೆಯಷ್ಟು ದೊಡ್ಡದಾಗಿತ್ತು. ನಾಚಿಕೆಯಾಗುತ್ತಿತ್ತು ಅವನಿಗೆ, ಭಯವೂ ಆಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚೆಂದು ಕೇಳಿದ್ದರೆ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ತೂಕದ ಹುಡುಗಿ ಅವನನ್ನೇ ಹುಡುಕಿಕೊಂಡು ಬಂದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು, ಕಣ್ಣು ಕೆಂಪಾಗಿತ್ತು.

"ಮಾಮ, ನಾನು ಬೆಳಿಗ್ಗೆಯಿಂದ ಆ ಲಾರಿ ಸುತ್ತಾನೇ ಇದ್ದೆ. ನನ್ನ ಮಗುಗೇನಾದ್ರೂ ಆಗುತ್ತಾ? ನೀವೂ ಅಲ್ಲೇ ಇದ್ರಲ್ಲ, ನಿಮಗೇನಾದ್ರೂ ಅನ್ನಿಸ್ತಿದೆಯಾ?"

ಅವಳು ಇನ್ನೂ ಹತ್ತಿರ ಬಂದಳು. ಅವನು ಹಿಂದೆ ಸರಿದ. ಅವಳು ಬಂದಷ್ಟೂ ಇವನು ಸರಿದ. ಬೆನ್ನಿಗೆ ಗೋಡೆ ತಗುಲಿತು.

ಹುಡುಗಿ ನಿಂತುಬಿಟ್ಟಳು. "ಯಾಕೆ ಮಾಮ ದೂರ ಹೋಗ್ತೀರಾ? ನನಗೆ ಅಂಟಿಬಿಟ್ಟಿದೆಯಾ ಅದು?"

ನಿನ್ನೆ ಸಂಜೆ ಬಾಗಿಲಲ್ಲಿ ಮೊಮ್ಮಗಳು ಕೈ ಚಾಚಿ ನಿಂತಿದ್ದಳಲ್ಲ, ಅದೇ ಮುಖ. ತಾನು ಏನು ತಪ್ಪು ಮಾಡಿದೆನೆಂದು ತಿಳಿಯದ ಮುಖ.

"ಅಯ್ಯೋ, ಇಲ್ಲ ಕಣವ್ವ!" ಹಾರನ್ ಮಾಮನ ದನಿ ಅಂಗಳಕ್ಕೆಲ್ಲ ಕೇಳಿಸಿತು. "ನಿನಗಲ್ಲ, ನನಗೆ! ಅದು ನನ್ನ ಮೈಯಲ್ಲಿದೆ!"

ಮುಂದಿನ ಮಾತಿಗೆ ಕಾಯದೆ ಅವನು ಗೇಟಿನ ಕಡೆ ದಾಪುಗಾಲು ಹಾಕಿದ. ಹಗ್ಗ ದಾಟಿದ. ಲಾರಿಯಿಲ್ಲದೆ, ಬರಿಗೈಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ ಎರಡು ಕಂಬಗಳ ನಡುವೆ ಹೋಗಿ ನಿಂತ. ಕಂಬಗಳು ಬಾಯಿ ಬಡಿದುಕೊಂಡವು. ಕೆಂಪು ದೀಪದ ಬೆಳಕು ಅವನ ಬಿಳಿ ಗಡ್ಡದ ಮೇಲೆ ಬಂದು ಬಂದು ಹೋಯಿತು.

ಮೀಟರ್ ಮೇಡಂ ಓಡಿಬಂದು ಮೀಟರನ್ನು ಅವನ ಎದೆಗೆ ಹಿಡಿದಳು. ಬೆಳಿಗ್ಗೆಯಿಂದ ಮಲಗಿದ್ದ ಮೀಟರು ಚಟಪಟನೆ ಎದ್ದಿತು. ಇಷ್ಟು ದಿನ ಯಾರಿಗೂ ಕೇಳಿಸದಂತೆ ಮುಚ್ಚಿಟ್ಟುಕೊಂಡಿದ್ದ ಎದೆ ಈಗ ಊರಿಗೆಲ್ಲ ಕೇಳಿಸುತ್ತಿತ್ತು.

"ಯಾವಾಗ?" ಎಂದಳು.

"ನಿನ್ನೆ. ಹಾರ್ಟಿಂದು."

ಮೇಡಂ ಬೈಯುತ್ತಾಳೆಂದು ಅವನು ತಲೆತಗ್ಗಿಸಿದ. ಅವಳು ಮೊದಲು ಫೋನೆತ್ತಿ, ರಸ್ತೆ ಬಂದ್ ಮಾಡುವುದು ಬೇಡ ಎಂದಳು. ಆಮೇಲೆ ತೂಕದ ಹುಡುಗಿಯನ್ನು ಕರೆದು, ಅವಳು ಕುರ್ಚಿ ಹಾಕಿದ್ದಷ್ಟೇ ದೂರದಲ್ಲಿ ಮೀಟರು ಹಿಡಿದು ತೋರಿಸಿದಳು. ಮುಳ್ಳು ಅಲ್ಲಾಡಿತೋ ಇಲ್ಲವೋ ಎಂಬಷ್ಟು. "ನೋಡು, ಇಷ್ಟೇ. ಇಷ್ಟಕ್ಕೆ, ಅಷ್ಟು ಹೊತ್ತಿಗೆ ನಿನಗೂ ಏನಿಲ್ಲ, ಮಗುಗೂ ಏನಿಲ್ಲ. ದೂರ ನಿಂತಷ್ಟೂ ಕಮ್ಮಿ. ಇವರು ದೂರ ಓಡ್ತಾ ಇದ್ದದ್ದು ನಿನಗೋಸ್ಕರ." ಹುಡುಗಿ ಅಲ್ಲೇ ನೆಲಕ್ಕೆ ಕೂತು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಮೇಡಂ ಹಾರನ್ ಮಾಮನ ಕಡೆ ತಿರುಗಿದಳು. ಆಗ ಬೈದಳು ನೋಡಿ. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ, ಎಲ್ಲವೂ ನ್ಯಾಯವಾಗಿದ್ದವು.

ಭಾಮೈದ ಗುಜರಿ ಇಳಿದ ಲಾರಿಯ ಹಿಂಬಾಗಿಲಿಗೆ ಕೊಂಡಿ ಹಾಕಿದ, ಟೈರುಗಳನ್ನು ಒದ್ದು ನೋಡಿದ, ಬೀಗದ ಕೈಯನ್ನು ಕೇಳದೆಯೇ ತನ್ನ ಜೇಬಿಗಿಟ್ಟುಕೊಂಡ. ಸ್ಟಿಯರಿಂಗ್ ಮುಂದೆ ಕೂತ ಮೇಲೆ ಒಂದೇ ಮಾತಾಡಿದ.

"ಘಾಟಿ ಇಳಿಯುವಾಗ ನಾನು ನಿಮ್ಮ ಪಕ್ಕದಲ್ಲಿ ಕೂತು ಗೊರಕೆ ಹೊಡೀತಿದ್ದೆನಲ್ಲ ಭಾವ. ನಂಬ್ಕೊಂಡು."

ಹಾರನ್ ಮಾಮ ಲಾರಿ ಸುತ್ತಿ ಹೋಗಿ ಆಚೆ ಬದಿಯ ಬಾಗಿಲು ತೆರೆದ. ತನ್ನದೇ ಲಾರಿಯ ಆ ಸೀಟಿನಲ್ಲಿ ಅವನು ಯಾವತ್ತೂ ಕೂತವನಲ್ಲ. ಹತ್ತುವಾಗ ಎದೆ ಬಿಗಿಯಿತು. ಈ ಸಲ ಅದನ್ನು ಮುಚ್ಚಿಡಲಿಲ್ಲ, ಬಾಗಿಲಿಗೆ ಒರಗಿ, ಉಸಿರು ಬರುವ ತನಕ ನಿಂತು, ಆಮೇಲೆ ಹತ್ತಿದ.

"ನಿಮ್ಮಕ್ಕನಿಗೆ..." ಎಂದು ಶುರುಮಾಡಿದ.

"ನಾನು ಹೇಳಲ್ಲ. ನೀವೇ ಹೇಳ್ತೀರಿ," ಎಂದ ಭಾಮೈದ, ನಂಬರು ಒತ್ತಿ ಫೋನನ್ನು ಅವನ ತೊಡೆಯ ಮೇಲಿಟ್ಟ. ಲಾರಿ ಹೊರಟಿತು.

ಹೆಂಡತಿ ಫೋನೆತ್ತಿದವಳೇ ನಿನ್ನೆಯ ಸಿಟ್ಟನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. "ಊಟಕ್ಕೂ ಬರಲ್ವಾ? ಮಗು ಬೆಳಿಗ್ಗೆಯಿಂದ ಕೇಳ್ತಿದೆ, ತಾತಂಗೆ ನನ್ನ ಮೇಲೆ ಕೋಪಾನಾ ಅಂತ. ನಾನೇನು ಹೇಳಲಿ ಅದಕ್ಕೆ? ಕೇಳಿಸ್ತಾ..."

ಅಷ್ಟರಲ್ಲಿ ಲಾರಿ ಗೇಟಿಗೆ ಬಂತು. ಹೊರಗೆ ಹೋಗುವುದೂ ಆ ಕಂಬಗಳ ನಡುವೆಯೇ. ಕೆಂಪು ದೀಪ ತಿರುಗಿತು, ಕಂಬಗಳೆರಡೂ ಕೂಗಿದವು. ತೂಕದ ಹುಡುಗಿ ಕಿಟಕಿಯಿಂದ ಕೈ ಹೊರಹಾಕಿ, ಹೋಗಿ ಹೋಗಿ, ಎಂದು ಬೀಸಿದಳು.

"ಏನ್ರೀ ಅದು ಸದ್ದು?" ಹೆಂಡತಿಯ ದನಿ ಬದಲಾಗಿತ್ತು. "ಏನು ಹಾಗೆ ಕೂಗ್ತಿರೋದು?"

"ನಾನೇ ಕಣೇ," ಎಂದ ಹಾರನ್ ಮಾಮ.