ಒಬ್ಬಳಿಗೆ ಹೇಳಿದ ಮಾತು

ತಿಪ್ಪೇರುದ್ರಮ್ಮ ಮೊಬೈಲನ್ನು ಸೆರಗಿನಿಂದ ಒರೆಸಿ ಕಾಂಚನಾಳ ಕೈಗಿಟ್ಟಳು.

"ಕೆಟ್ಟೈತೇನೋ ನೋಡ್ರಿ ಮೇಡಂ. ಹಬ್ಬ ಆದಾಗಿಂದ ನಮ್ಮೋರ ಮಾತೇ ಬಂದಿಲ್ಲ."

ಮೊಬೈಲು ಕೆಟ್ಟಿರಲಿಲ್ಲ. ತಿಪ್ಪೇರುದ್ರಮ್ಮ ಮಾತಾಡಿ ಕಳಿಸಿದ್ದೆಲ್ಲ ಗಂಡನಿಗೆ ತಲುಪಿತ್ತು. ಅವನು ಒಂದೊಂದನ್ನೂ ಕೇಳಿಸಿಕೊಂಡಿದ್ದನೆಂದು ನೀಲಿ ಗುರುತು ತೋರಿಸುತ್ತಿತ್ತು. ಉತ್ತರ ಮಾತ್ರ ಇರಲಿಲ್ಲ.

ಕಾಂಚನಾ ಚಳ್ಳಕೆರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಮೊಬೈಲು ಬಂದ ಮೇಲೆ ಜನರ ದುಡಿಮೆ, ಸಂಬಂಧಗಳು ಹೇಗೆ ಬದಲಾದವು ಎಂಬುದು ಅವಳ ಸಂಶೋಧನೆ. ಅದಕ್ಕೆಂದೇ ಮೊಳಕಾಲ್ಮುರು ಕಡೆಯ ಈ ಹಟ್ಟಿಗೆ ಬಂದು ಹೋಗುತ್ತಿದ್ದಳು. ತಿಪ್ಪೇರುದ್ರಮ್ಮನ ಗಂಡ ದೊಡ್ಡೀರಪ್ಪ ಕುರಿಹಿಂಡಿನ ಜೊತೆ ವರ್ಷದ ಹೆಚ್ಚು ಕಾಲ ಹೊರಗೇ ಇರುವವನು. ಊರಿಗೆ ಬಂದರೂ ಅತ್ತೆ, ಮೈದುನರು, ಮಕ್ಕಳು ತುಂಬಿದ ಮನೆಯಲ್ಲಿ ಗಂಡ ಹೆಂಡತಿಯ ಮಾತು ನೀರು, ಊಟ ಇಷ್ಟರಲ್ಲೇ ಮುಗಿದುಹೋಗುತ್ತಿತ್ತು. ಇಬ್ಬರಿಗೂ ಓದು ಬರಹ ಬಾರದು. ಮಗಳು ಪುಷ್ಪಲತಾ ವಾಟ್ಸಾಪಿನಲ್ಲಿ ಒತ್ತಿ ಹಿಡಿದು ಮಾತಾಡಿ ಕಳಿಸುವುದನ್ನು ಕಲಿಸಿಕೊಟ್ಟ ಮೇಲೆ ದೊಡ್ಡೀರಪ್ಪನಿಗೆ ಬಾಯಿ ಬಂತು. ಅವಳಿ ಮರಿ ಹಾಕಿದ ಕುರಿ, ಯಾವುದೋ ಊರಿನ ಬಾವಿಯ ಸವುಳು ನೀರು, ಬೆಳಗಿನ ಚಳಿ, ಎಲ್ಲವನ್ನೂ ಹೇಳತೊಡಗಿದ. ತಿಪ್ಪೇರುದ್ರಮ್ಮ ಮನೆಯ ಹಿಂದಿನ ಬೇವಿನ ಮರದಡಿ ಮೊಬೈಲು ಕಿವಿಗಿಟ್ಟುಕೊಂಡು ನಿಂತು ಕೇಳುತ್ತಿದ್ದಳು. ಅವಳ ಒಪ್ಪಿಗೆಯಿಂದಲೇ ಕಾಂಚನಾ ಆ ಮಾತುಗಳ ಪ್ರತಿ ಇಟ್ಟುಕೊಂಡಿದ್ದಳು. ಅವಳ ಸಂಶೋಧನೆಯ ಒಂದು ಅಧ್ಯಾಯವೇ ಅದರ ಮೇಲೆ ನಿಂತಿತ್ತು.

ಈಗ ದೊಡ್ಡೀರಪ್ಪನ ಕೊನೆಯ ಮಾತು ಬಂದ ದಿನಾಂಕವನ್ನು ಕಾಂಚನಾ ಎರಡೆರಡು ಸಲ ನೋಡಿದಳು. ಅದರ ಮಾರನೆಯ ದಿನವೇ ಕಾಲೇಜಿನಲ್ಲಿ ವಿಚಾರ ಸಂಕಿರಣವಿತ್ತು. ಹೆಸರು ಹೇಳದೆ ದೊಡ್ಡೀರಪ್ಪನ ಒಂದು ಮಾತನ್ನು ಅವಳು ಅಲ್ಲಿ ಕೇಳಿಸಿದ್ದಳು. ಶೇಂಗಾ ಚಟ್ನಿಪುಡಿ ಮುಗಿದಿದೆ, ಆದರೂ ಡಬ್ಬಿ ತೊಳೆದಿಲ್ಲ, ಮುಚ್ಚಳ ತೆಗೆದರೆ ನಮ್ಮ ಮನೆ ವಾಸನೆ ಬರುತ್ತದೆ ಎಂದು ಅವನು ಹೇಳಿದ್ದ. ಸಭೆ ನಕ್ಕಿತ್ತು. ಅಕ್ಕರೆಯ ನಗು ಎಂದುಕೊಂಡು ಅವಳೂ ನಕ್ಕಿದ್ದಳು. ಚಹಾ ಹಂಚುತ್ತಿದ್ದ ಕಾಲೇಜಿನ ಜವಾನ ಜಂಪಣ್ಣ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನು ಇದೇ ಹಟ್ಟಿಯವನೆಂಬುದು ಆಗ ಅವಳಿಗೆ ನೆನಪಾಗಿರಲಿಲ್ಲ.

ಸುಳ್ಳು ಹೇಳಲು ದಾರಿಯಿತ್ತು. ನೆಟ್‌ವರ್ಕ್ ಇಲ್ಲ ಎಂದರೆ ಮುಗಿಯುತ್ತಿತ್ತು. ಕಾಂಚನಾ ಹಾಗೆ ಮಾಡದೆ ನಡೆದದ್ದನ್ನೆಲ್ಲ ಹೇಳಿದಳು. ತಿಪ್ಪೇರುದ್ರಮ್ಮ ಯಾವ ಮಾತು ಎಂದು ಕೇಳಿದಳು. ಡಬ್ಬಿಯ ಮಾತು ಎಂದು ತಿಳಿದಾಗ ಮುಖ ಆಚೆ ತಿರುಗಿಸಿಕೊಂಡಳು.

"ನೀವು ಓದೋಕೆ ಅಂದ್ರಿ, ನಾನು ಹೂಂ ಅಂದೆ," ಎಂದಳು ಕೊನೆಗೆ. "ಅವ್ರನ್ನ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಹಿಂಡು ಪರಶುರಾಂಪುರದ ಹತ್ತಿರ ಒಬ್ಬರ ಹೊಲದಲ್ಲಿದೆ ಎಂದು ಮೈದುನ ಹೇಳಿದ್ದನಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡ ಕುರಿ ಮೇಯಿಸುವ ಜಾಗಕ್ಕೆ ಅವಳು ಹೋದವಳಲ್ಲ. ಈಗ ಒಳಗೆ ಹೋಗಿ ರೊಟ್ಟಿ ಕಟ್ಟಿಕೊಂಡು ಬಂದು, ಅತ್ತೆಗೆ ಸಂಜೆಗೆ ಬರ್ತೀನಿ ಎಂದಷ್ಟೇ ಹೇಳಿ ಕಾಂಚನಾಳ ಕಾರು ಹತ್ತಿದಳು.

ಶೇಂಗಾ ಕಿತ್ತಾದ ಹೊಲ. ಕಂಬಳಿ ಹೊದ್ದು ನಿಂತಿದ್ದ ದೊಡ್ಡೀರಪ್ಪ ಹೆಂಡತಿ ಕಾರಿನಿಂದ ಇಳಿಯುವುದನ್ನು ನೋಡಿ ಗಾಬರಿಯಿಂದ ಓಡಿ ಬಂದ. ಅವ್ವನಿಗೆ ಏನಾದರೂ ಆಯಿತೇ ಎಂದು ಕೇಳಿದ. ಇಲ್ಲವೆಂದು ತಿಳಿದ ಮೇಲೆ ಅವನ ಕಣ್ಣು ಕಾಂಚನಾಳ ಮೇಲೆ ಬಿತ್ತು. ಅವಳು ತಾನು ಯಾರೆಂದು ಹೇಳಿ, ತಪ್ಪು ತನ್ನದು, ಇವರದಲ್ಲ ಎಂದಳು.

"ಜಂಪಣ್ಣ ಫೋನ್ ಮಾಡಿದ್ದ," ಎಂದ ದೊಡ್ಡೀರಪ್ಪ, ನೆಲ ನೋಡುತ್ತ. "ನಿನ್ ಮಾತು ಕೇಳಿ ಕಾಲೇಜೆಲ್ಲ ನಕ್ಕಿತು ಅಂದ. ಆಮೇಲೆ ಮೊಬೈಲ್ ಬಾಯಿ ಹತ್ರ ಹಿಡಿದ್ರೆ ಅಷ್ಟೂ ಜನ ಅದರೊಳಗೆ ಕೂತವ್ರೆ ಅನ್ನಿಸ್ತೈತೆ ಮೇಡಂ. ಮಾತು ಬರಲ್ಲ."

ಕಾಂಚನಾ ಕಾರಿನಿಂದ ಲ್ಯಾಪ್‌ಟಾಪ್ ತಂದು, ಅವನೆದುರೇ ಆ ಧ್ವನಿಗಳನ್ನೆಲ್ಲ ಅಳಿಸಿದಳು. ತನ್ನ ಮೊಬೈಲಿನಲ್ಲಿದ್ದುದನ್ನೂ ಅಳಿಸಿದಳು. ಆ ಅಧ್ಯಾಯವನ್ನು ಬಿಟ್ಟೇ ಬರೆಯಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ದೊಡ್ಡೀರಪ್ಪ ತಲೆಯಾಡಿಸಿದ. ಸರಿಹೋಯಿತು ಎನ್ನಲಿಲ್ಲ. ಇಷ್ಟು ದೂರ ಬಂದಿದ್ದೀರಿ, ನೆರಳಿಗೆ ಕೂತುಕೊಳ್ಳಿ ಎಂದ.

ತಿಪ್ಪೇರುದ್ರಮ್ಮ ಅಷ್ಟು ಹೊತ್ತೂ ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆ ನಿಂತಿದ್ದಳು. ಗಂಡ ಬಂದು ಹತ್ತಿರ ನಿಂತಾಗ ಗಂಟು ಕೊಡುತ್ತ, "ಹೇಳ್ರಿ," ಎಂದಳು. "ಇಲ್ಲಿ ಯಾರೂ ಇಲ್ಲ."

ಅವನು ಒಮ್ಮೆ ಕಾಂಚನಾಳ ಕಡೆ ನೋಡಿದ. ಅವಳು ಎದ್ದು ಕಾರಿನ ಆಚೆ ಬದಿಗೆ ಹೋದಳು.

ಅಲ್ಲಿಂದ ಮಾತು ಕೇಳಿಸುತ್ತಿರಲಿಲ್ಲ. ಬಿಸಿಲು ಇಳಿದಂತೆ ಹಿಂಡು ಮೇಯುತ್ತ ಇಳಿಜಾರಿನ ಕಡೆ ಸರಿಯಿತು. ಹಿಂದೆ ಇಬ್ಬರೂ ನಡೆಯುತ್ತಿದ್ದರು. ದೊಡ್ಡೀರಪ್ಪ ಕೈಯಾಡಿಸಿ ದೂರದ ಯಾವುದೋ ಊರನ್ನು ತೋರಿಸುತ್ತಿದ್ದ. ಒಂದು ಮರಿ ಹಿಂದೆ ಬಿದ್ದು ಅರಚಿತು. ತಿಪ್ಪೇರುದ್ರಮ್ಮ ಬಗ್ಗಿ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು. ಮುಖ ಅವನ ಕಡೆಗೇ ಇತ್ತು.