ನೆತ್ತಿಗೆ ತೂತಿಲ್ಲದ ದೀಪ

ನಾನೊಂದು ದೀಪ. ಆದರೆ ಹುಟ್ಟಿ ಹನ್ನೊಂದು ವರ್ಷ ಒಂದು ದಿನವೂ ಉರಿಯಲಿಲ್ಲ. ನಗು ಬಂದರೆ ನಕ್ಕುಬಿಡಿ, ನನಗೆ ರೂಢಿಯಾಗಿದೆ.

ನನ್ನನ್ನು ಮಾಡಿದವರು ಖಾನಾಪುರದ ಹತ್ತಿರದ ಒಂದು ತಗಡಿನ ಶೆಡ್ಡಿನ ಇಬ್ಬರು ಹೆಂಗಸರು. ತಾರವ್ವ ತಿಗರಿಯ ಮೇಲೆ ಮಣ್ಣೆತ್ತಿ ಕೆಳಗೆ ಬಾಯಿ ತೆರೆದ ಗೀಜಗನ ಗೂಡಿನ ಆಕಾರ ಕೊಡುತ್ತಿದ್ದಳು. ಅದು ಅರೆ ಒಣಗಿದ ಮೇಲೆ, ಬೆಳಕು ಹೊರಬರಲೆಂದು ಹಸೀನಾ ಚಾಕುವಿನಿಂದ ಮೈತುಂಬ ಬೇವಿನ ಎಲೆ ಕೊರೆಯುತ್ತಿದ್ದಳು. ತೂಗುದೀಪವೆಂದ ಮೇಲೆ ನೆತ್ತಿಯಲ್ಲಿ ಕರೆಂಟಿನ ವೈರು ತೂರಿಸಲೊಂದು ತೂತು ಬೇಕಲ್ಲ? "ಎಲ್ಲಿ ಹಾಕ್ಲಿ?" ಎಂದು ತಾರವ್ವ ಕೇಳುವಳು. ಹಸೀನಾ ಎಲೆಗಳ ಸಾಲು ನೋಡಿ ಬೆರಳಿಟ್ಟು ತೋರಿಸುವಳು. ಕೇಳದೆ ಒಂದು ತೂತೂ ಬೀಳುತ್ತಿರಲಿಲ್ಲ.

ನಾನು ತಿಗರಿಯಿಂದ ಇಳಿದ ವಾರವೇ ಪತ್ರಿಕೆಯಲ್ಲಿ ಅವರ ದೀಪಗಳ ಫೋಟೋ ಬಂತು. ಕೆಳಗೆ ತಾರವ್ವನ ಹೆಸರು ಮಾತ್ರ.

"ನನ್ ಹೆಸರು ಹೇಳಲಿಲ್ಲೇನಕ್ಕಾ?" ಎಂದಳು ಹಸೀನಾ.

"ಅವ್ರು ಕೇಳಲಿಲ್ಲ, ನಾ ಹೇಳಲಿಲ್ಲ," ಎಂದು ತಾರವ್ವ ಮಣ್ಣು ನಾದುತ್ತಲೇ ಉತ್ತರಿಸಿದಳು.

ಇಬ್ಬರೂ ಮುಖ ಊದಿಸಿಕೊಂಡು ಮಾತು ಬಿಟ್ಟರು. ಎಲೆ ಕೊರೆದು ಮುಗಿಸಿದ ಹಸೀನಾ ನನ್ನನ್ನು ಹಲಗೆಯ ಮೇಲಿಟ್ಟಳು, ತೂತು ತಾರವ್ವ ಹಾಕುತ್ತಾಳೆಂದು. ಈ ಸಲ ಹಸೀನಾಳೇ ಹಾಕಿರಬೇಕೆಂದು ತಾರವ್ವ ನೋಡಲೂ ಇಲ್ಲ. ಭಟ್ಟಿ ತೆಗೆದಾಗ ನನ್ನ ನೆತ್ತಿ ನುಣ್ಣಗೆ ಹೊಳೆಯುತ್ತಿತ್ತು! ಬೆಂದ ಮೇಲೆ ಕೊರೆಯಲು ಹೋದರೆ ನಾನು ಸೀಳಬಹುದು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂದು ಹಸೀನಾ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೊರಟುಹೋದಳು.

ನನ್ನ ಜೊತೆಯವರೆಲ್ಲ ಹೋಟೆಲು, ಬಂಗಲೆ ಸೇರಿ ಬೆಳಗಿದರು. ನಾನು ಶೆಲ್ಫಿನ ಮೇಲೆ ಧೂಳು ತಿಂದೆ. ತಾರವ್ವ ಎಲೆಗಳಿಲ್ಲದ ಬೋಳು ದೀಪಗಳನ್ನು ಮಾಡತೊಡಗಿದಳು. ಶೆಡ್ಡಿನಲ್ಲಿ ಮಾತಾಡಲು ಯಾರೂ ಇಲ್ಲದೆ ರೇಡಿಯೋ ಹಚ್ಚಿ ಕೂರುತ್ತಿದ್ದಳು; ಒಮ್ಮೊಮ್ಮೆ ನನ್ನನ್ನು ಸೆರಗಿನಿಂದ ಒರೆಸುವಳು. ಗಿರಾಕಿಯೊಬ್ಬರು, "ಮಷಿನ್‌ನ್ಯಾಗ ತೂತು ಹಾಕಿಸ್ಕೋತೀನ್ರಿ, ಕೊಡ್ರಿ," ಎಂದರು.

"ಎಲ್ಲಿ ಹಾಕಬೇಕಂತ ಹೇಳಾಕಿ ಇಲ್ರೀ," ಎಂದು ತಾರವ್ವ ನನ್ನನ್ನು ಕಸಿದುಕೊಂಡಳು. ನನಗೆ ಅಳು ಬಂತು. ಅಳಲು ಬೇಕಾದಷ್ಟು ತೂತುಗಳಿದ್ದವು, ಕಣ್ಣೀರಿರಲಿಲ್ಲ.

ಮಣಿಕಟ್ಟು ಸೋತು ಶೆಡ್ಡು ಮುಚ್ಚಿದಾಗ ತಾರವ್ವ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಧಾರವಾಡದ ಬಸ್ಸು ಹತ್ತಿದಳು. ಹಸೀನಾ ಒಂದೇ ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ತಾರವ್ವ ನನ್ನನ್ನು ಸೀರೆಯಿಂದ ಬಿಚ್ಚಿ ಅವಳ ಮಷಿನ್ನಿನ ಪಕ್ಕ ಇಟ್ಟಳು; ಹಸೀನಾ ಚಹಾ ಕೊಟ್ಟಳು. ಮಂಡಿನೋವು, ಗ್ಯಾಸಿನ ರೇಟು, ಎಲ್ಲದರ ಮಾತೂ ಬಂತು. ಬರಬೇಕಾದ ಮಾತೊಂದು ಬರಲಿಲ್ಲ. ಕೊನೆಗೆ ತಾರವ್ವ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಹೇಳಿದಳು: "ಅವತ್ತ ನಿನ್ ಹೆಸರು ಹೇಳಬೇಕಾಗಿತ್ತವಾ. ತಪ್ಪಾತು."

ಹಸೀನಾ ನೆಲ ನೋಡಿದಳು. "ಬಸ್ಸಿಗೆ ಹೊತ್ತಾತು. ಹೋಗಿ ಬಾ ಅಕ್ಕಾ."

ಸಂಜೆ ಕರೆಂಟು ಹೋಯಿತು. ಹಸೀನಾ ಮೇಣದಬತ್ತಿ ಹಚ್ಚಿದಳು. ಕಿಟಕಿಯ ಗಾಳಿಗೆ ಅದು ಆರುವಂತಾದಾಗ, ಕೈಗೆ ಸಿಕ್ಕ ನನ್ನನ್ನು ಅದರ ಮೇಲೆ ಬೋರಲು ಮುಚ್ಚಿದಳು.

ನಾನು ಬೆಳಗಿದೆ. ಇಷ್ಟು ಸುಲಭವೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ. ಗೋಡೆ, ಸೂರು, ಹೊಲಿಗೆ ಮಷಿನ್ನು, ಎಲ್ಲದರ ಮೇಲೂ ಬೇವಿನ ಎಲೆಗಳು ತೂಗಾಡಿದವು. ಹಸೀನಾಳ ಮುಖ ಅರಳಿತು.

"ಅಕ್ಕಾ, ನೋಡಿಲ್ಲಿ, ಎಲಿ ಎಷ್ಟ್ ಚಂದ ಬಿದ್ದಾವು!" ಎಂದು ಬಾಗಿಲ ಕಡೆ ತಿರುಗಿದಳು.

ತಾರವ್ವನ ಬಸ್ಸು ಆಗಲೇ ಊರು ದಾಟಿತ್ತು.