ಅಸ್ತರಿನೊಳಗಿನ ಕಾಗದ

ಬಲಗೈ ಕೋಟಿನ ತೋಳಿನೊಳಗೆ ಸಲೀಸಾಗಿ ಹೋಯಿತು. ಎಡಗೈ ಮಣಿಯಲಿಲ್ಲ. ಮಗಳು ಅಮ್ಮನ ಮೊಣಕೈಯನ್ನು ಮೆಲ್ಲಗೆ ಉಜ್ಜಿದಳು. ಎಳೆಮಗುವಿಗೆ ಅಂಗಿ ತೊಡಿಸುವಂತೆ ತೋಳಿನ ತುದಿಯಿಂದ ತನ್ನ ಕೈ ತೂರಿಸಿ, ತಣ್ಣಗಿನ ಬೆರಳುಗಳನ್ನು ಹಿಡಿದು ಎಳೆದಳು. ಕೋಟಿನ ಎದೆಯೊಳಗೆ ಕಾಗದ ಸರಕ್ಕೆಂದಿತು.

“ಇನ್ನೂ ಅಲ್ಲೇ ಇದೆ ನೋಡು,” ಎಂದಳು ಅತ್ತೆ. ಸತ್ತವಳ ನಾದಿನಿ ಅವಳು. ಆ ಕೋಟು ಮೊದಲು ಅವಳ ಅಣ್ಣನದಾಗಿತ್ತು. “ಕತೆಯಲ್ಲಿ ರಾಕ್ಷಸನ ಜೀವ ಗಿಳಿಯೊಳಗಿತ್ತಂತೆ. ನಮ್ಮ ಅತ್ತಿಗೆ ಜೀವ ಅಸ್ತರಿನೊಳಗೆ.”

ಯುದ್ಧಕ್ಕೆ ಹೋದ ಅಪ್ಪ ಒಂದೇ ಒಂದು ಕಾಗದ ಬರೆದಿದ್ದ. ಆಮೇಲೆ ಅವನೂ ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಅಮ್ಮ ಅವನ ಕೋಟನ್ನು ತನ್ನ ಅಳತೆಗೆ ಕಿರಿದು ಮಾಡಿಕೊಂಡು, ಕಾಗದವನ್ನು ಎಡಗಡೆಯ ಅಸ್ತರಿನೊಳಗಿಟ್ಟು ಹೊಲಿದಳು. ಅದನ್ನೇ ತೊಟ್ಟು ಹೊಲಿಗೆ ಅಂಗಡಿಯಲ್ಲಿ ಮುದುಕಿಯಾದಳು.

ಬಾಗಿಲಾಚೆ ಯಾರೋ ಕೆಮ್ಮಿದರು.

“ಭೂತಗನ್ನಡಿ,” ಅತ್ತೆ ಪಿಸುಗುಟ್ಟಿದಳು. “ಹೆಣದ ಪೆಟ್ಟಿಗೆಗಿಂತ ಮುಂಚೆ ಬಂದು ಕೂತಿದಾನೆ, ಪುಣ್ಯಾತ್ಮ.”

ಮಗಳು ಬಾಗಿಲು ತೆರೆದಳು. ಹಳೆಯ ಕಾಗದಪತ್ರ ಕೊಂಡು ಮಾರುವವನು ಅವನು. ಕೊರಳಲ್ಲಿ ಸದಾ ತೂಗುತ್ತಿದ್ದ ಭೂತಗನ್ನಡಿಯನ್ನು ಇವತ್ತು ಅಂಗಿಯೊಳಗೆ ಇಳಿಬಿಟ್ಟುಕೊಂಡಿದ್ದ.

“ಅವರೇ ಹೇಳಿದ್ರಮ್ಮ, ನಾನು ಹೋದ ದಿನ ಬಾ ಅಂತ,” ಎಂದ, ನೆಲ ನೋಡುತ್ತ.

“ಪೂರ್ತಿ ಹೇಳಪ್ಪ,” ಒಳಗಿನಿಂದ ಅತ್ತೆ ಕೂಗಿದಳು. “ಕಾಗದ ನನ್ನ ಜೊತೆ ಬರದೇ ಹೋದ್ರೆ ನಿನಗೆ ಅಂದಿದ್ಲು.”

“ಹೌದು, ಹಾಗೇ ಅಂದಿದ್ರು. ಆದ್ರೆ ಆ ಯುದ್ಧದ ಪ್ರೇಮಪತ್ರ ಈಗ ಎಲ್ಲೂ ಸಿಗಲ್ಲಮ್ಮ. ಗಾಜಿನೊಳಗೆ ಜೋಪಾನವಾಗಿರುತ್ತೆ. ಮಣ್ಣಿಗೆ ಹಾಕಿದ್ರೆ ಯಾರಿಗೇನು ಬಂತು? ನೀವೂ ಓದಿಲ್ವಂತೆ.”

ಕೊನೆಯ ಮಾತು ಮಗಳಿಗೆ ನಾಟಿತು. ಅಪ್ಪನದೆನ್ನಲು ಮನೆಯಲ್ಲಿ ಬೇರೆ ಒಂದಕ್ಷರವೂ ಇರಲಿಲ್ಲ. ಅವನು ನಗಿಸುವವನೋ, ಗದರುವವನೋ, ಎಲ್ಲ ಆ ಮಡಿಕೆಯೊಳಗಿತ್ತು.

“ಸ್ವಲ್ಪ ತಾಳಿ,” ಎಂದು ಬಾಗಿಲು ಹಾಕಿಕೊಂಡಳು.

*

ಚಿಕ್ಕವಳಿದ್ದಾಗ, ಹೊಲಿಗೆ ಮಷೀನಿನ ಕೆಳಗೆ, ಚಿಂದಿಗಳ ರಾಶಿಯಲ್ಲಿ ಕೂತು ಅವಳೊಮ್ಮೆ ಕೇಳಿದ್ದಳು: “ಅಮ್ಮಾ, ಅದ್ರಲ್ಲಿ ಅಪ್ಪ ನನ್ ಬಗ್ಗೆ ಏನ್ ಬರ್ದಿದಾನೆ?”

ಮಷೀನು ನಿಂತಿತು.

“ನೀನು ಬರ್ತಿದೀಯ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ ಕಣೇ. ಅದು ಬರೀ ನಂಗೆ ಬರ್ದಿದ್ದು.”

“ಮತ್ತೆ ಯಾಕೆ ಕಚ್ಚಾ ಹೊಲಿಗೆ ಹಾಕಿದೀಯ?”

ಕಪ್ಪು ಅಸ್ತರಿನ ಮೇಲೆ ಬಿಳಿ ದಾರದ ಉದ್ದುದ್ದ ಹೊಲಿಗೆ. ಗಿರಾಕಿ ಬಂದು ತೊಟ್ಟು ನೋಡುವವರೆಗೆ ಹಾಕುವಂಥದು. ಅಳತೆ ಸರಿಯಾದರೆ ಗಟ್ಟಿ ಹೊಲಿದು, ಬಿಳಿ ದಾರವನ್ನು ಎಳೆದುಬಿಡುತ್ತಾರೆ.

“ಕೋಟಿನ ಯಜಮಾನ ಬರ್ಬೇಕಲ್ಲ,” ಎಂದಳು ಅಮ್ಮ. “ಗಟ್ಟಿ ಹೊಲಿದ್ರೆ ಆಮೇಲೆ ಬಿಡಿಸೋದು ಯಾರು?”

ದಾರ ಸವೆದಾಗಲೆಲ್ಲ ಮತ್ತೆ ಬಿಳಿ ದಾರವನ್ನೇ ಹಾಕಿದಳು.

*

ಮಗಳು ಕೋಟಿನ ಎದೆ ತೆರೆದು, ಕತ್ತರಿಯ ತುದಿಯಿಂದ ಒಂದು ಹೊಲಿಗೆ ಕಿತ್ತಳು. ಇನ್ನೊಂದು. ಹಳದಿಗಟ್ಟಿದ ಅಂಚು ಇಣುಕಿತು. ಅದರ ಮೇಲೆ ಬೆವರಿಗೆ ಹರಡಿದ ಶಾಯಿ, ಯಾವುದೋ ಅಕ್ಷರದ ಬಾಲ.

“ಓದೇ,” ಎಂದಳು ಅತ್ತೆ. ದನಿಯಲ್ಲಿ ಕೊಂಕಿರಲಿಲ್ಲ. “ಅಣ್ಣ ಹೇಗೆ ಮಾತಾಡ್ತಿದ್ದ ಅನ್ನೋದೇ ನಂಗೆ ಮರ್ತುಹೋಗಿದೆ.”

ಬೆರಳುಗಳು ಕಾಗದವನ್ನು ಹಿಡಿದವು. ಅದು ಅಮ್ಮನ ಎದೆಯ ಆಕಾರಕ್ಕೇ ಬಾಗಿಹೋಗಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಒಳಕ್ಕೆ ತಳ್ಳಿದಳು.

“ಅತ್ತೆ, ಕಪ್ಪು ದಾರ ಪೋಣಿಸಿಕೊಡಿ.”

“ನಂಗೆಲ್ಲಿ ಕಣ್ಣು ಕಾಣುತ್ತೆ?”

“ನಂಗೂ ಕಾಣ್ತಿಲ್ಲ.”

ಅತ್ತೆ ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹೇಗೋ ಪೋಣಿಸಿದಳು. ಮಗಳು ಒತ್ತೊತ್ತಾಗಿ, ಸಣ್ಣಸಣ್ಣ ಹೊಲಿಗೆ ಹಾಕುತ್ತ ಹೋದಳು. ಗಂಟು ಹಾಕಿ, ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದಳು. ಕೆನ್ನೆ ತಾಗಿದಲ್ಲಿ ಕಾಗದ ಇನ್ನೊಮ್ಮೆ ಸರಕ್ಕೆಂದಿತು. ಆಮೇಲೆ ಬಿಳಿ ದಾರವನ್ನು ಎಳೆದಳು.

ಬಾಗಿಲು ತೆರೆದಾಗ ಭೂತಗನ್ನಡಿ ಎದ್ದು ನಿಂತು ಕೈ ಚಾಚಿದ. ಅವಳ ಕೈ ಖಾಲಿಯಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡು, ಅಷ್ಟರಲ್ಲಿ ಅಂಗಳಕ್ಕೆ ಬಂದಿದ್ದ ಪೆಟ್ಟಿಗೆಯನ್ನು ಒಳಗೆ ತರಲು ಅದರ ಒಂದು ಮೂಲೆಗೆ ಹೆಗಲು ಕೊಡಲು ಹೋದ.

ಅವಳ ತೋರುಬೆರಳಿಗೆ ಬಿಳಿ ದಾರ ಸುತ್ತಿಕೊಂಡಿತ್ತು. ಹೊಲಿಗೆಯ ಸುಕ್ಕುಗಳು ಅದರಲ್ಲಿ ಹಾಗೇ ಇದ್ದವು.